ಹಳೆಯ ಯಂತ್ರಗರಗಸ: ರಿಪೇರಿಯೋ, ಹೊಸದೋ?



ತೋಟದಲ್ಲಿ ಮರಗಸಿಗೆ ಹೊರಟ ಹೊತ್ತಿಗೇ, ಇಲ್ಲವೇ ಗಾಳಿಮಳೆಗೆ ಮರವೊಂದು ದಾರಿಗೆ ಅಡ್ಡಬಿದ್ದ ಮಾರನೆಯ ದಿನವೇ, ಅಟ್ಟದ ಮೇಲಿದ್ದ ಯಂತ್ರಗರಗಸ ಕೈಕೊಡುತ್ತದೆ. ಹಗ್ಗ ಎಳೆದು ಎಳೆದು ತೋಳು ಸೋಲುತ್ತದೆ. ಅದು ಮಾತ್ರ ಎರಡು ಸಲ ಕೆಮ್ಮಿ ಸುಮ್ಮನಾಗುತ್ತದೆ. ಪೇಟೆಗೆ ಒಯ್ದರೆ ಮೆಕ್ಯಾನಿಕ್ ಒಂದು ಲೆಕ್ಕ ಹೇಳುತ್ತಾನೆ, ಅಂಗಡಿಯವರು ಹೊಸದರ ಬೆಲೆ ಹೇಳುತ್ತಾರೆ. ಮನೆಗೆ ಬಂದರೆ ಯಜಮಾನರದು ಒಂದು ಮಾತು, ಮನೆಯಾಕೆಯದು ಇನ್ನೊಂದು, ಮಗನದು ಮೂರನೆಯದು. ಯಾರ ಮಾತು ಕೇಳೋಣ?

ಇದಕ್ಕೆ ಗರಗಸದ ಕಥೆಯಲ್ಲೇ ಉತ್ತರ ಸಿಗುತ್ತದೆ. ಈ ಯಂತ್ರ ಒಂದೇ ದಿನ ಹುಟ್ಟಿದ್ದಲ್ಲ. ಅದರ ಒಂದೊಂದು ಭಾಗ ಒಂದೊಂದು ಕಾಲದಲ್ಲಿ, ಒಂದೊಂದು ಕಷ್ಟಕ್ಕೆ ಪರಿಹಾರವಾಗಿ ಬಂದು ಸೇರಿಕೊಂಡಿತು. ಯಾವ ಭಾಗ ಯಾತಕ್ಕೆ ಬಂತು ಎಂದು ತಿಳಿದರೆ, ಯಾವುದು ಸವೆದರೆ ಚಿಂತೆಯಿಲ್ಲ, ಯಾವುದು ಇಲ್ಲದಿದ್ದರೆ ಆ ಗರಗಸವನ್ನು ಮುಟ್ಟಲೇಬಾರದು ಎಂಬುದೂ ತಿಳಿದೀತು.

ನಮ್ಮ ಅಜ್ಜಂದಿರ ಕಾಲದಲ್ಲಿ ದಿಮ್ಮಿ ಕೊಯ್ಯುವುದೆಂದರೆ ಇಬ್ಬರ ಕೆಲಸ. ಮೇಲೊಬ್ಬ, ಕೆಳಗೊಬ್ಬ; ಹೊಟ್ಟೆಲ್ಲಾ ಕೆಳಗಿನವನ ಕಣ್ಣಿಗೆ. ಯುರೋಪಿನ ಕಾಡುಗಳಲ್ಲೂ ಇಬ್ಬರು ಹಿಡಿದೆಳೆಯುವ ಉದ್ದ ಗರಗಸವೇ ಇತ್ತು. ಹಲ್ಲುಗಳನ್ನು ಸರಪಳಿಗೆ ಜೋಡಿಸಿ ಸುತ್ತಿಸುವ ಉಪಾಯ ಕಾಡಿಗಿಂತ ಮುಂಚೆ ವೈದ್ಯರ ಕೈಯಲ್ಲಿ ಕಾಣಿಸಿತು ಎಂದರೆ ನೀವು ನಂಬಲಿಕ್ಕಿಲ್ಲ. 1830ರಲ್ಲಿ ಜರ್ಮನಿಯ ಬೆರ್ನ್‌ಹಾರ್ಡ್ ಹೈನೆ ಎಂಬಾತ ಮೂಳೆ ಕೊಯ್ಯಲೆಂದು ಕೈಯಿಂದ ತಿರುಗಿಸುವ ಚಿಕ್ಕ ಚೈನ್ ಗರಗಸವನ್ನು ಮಾಡಿದ್ದನು.

ಮರ ಕೊಯ್ಯುವ ಯಂತ್ರಕ್ಕೆ ಮುಂದೆ ಸುಮಾರು ನೂರು ವರ್ಷ ಹಿಡಿಯಿತು. 1926ರಲ್ಲಿ ಆಂಡ್ರಿಯಾಸ್ ಸ್ಟಿಲ್ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ವಿದ್ಯುತ್ತಿನ ಚೈನ್ ಗರಗಸವನ್ನು ತಯಾರಿಸಿದನು. 1927ರಲ್ಲಿ ಎಮಿಲ್ ಲೆರ್ಪ್ ಎಂಬಾತ ಡಾಲ್ಮಾರ್ ಎಂಬ ಬೆಟ್ಟದ ಮೇಲೆ ಪೆಟ್ರೋಲ್ ಗರಗಸವನ್ನು ಪರೀಕ್ಷೆ ಮಾಡಿ, ಆ ಬೆಟ್ಟದ ಹೆಸರನ್ನೇ ಅದಕ್ಕಿಟ್ಟನು. 1929ರಲ್ಲಿ ಸ್ಟಿಲ್ ಕೂಡ ಪೆಟ್ರೋಲ್ ಯಂತ್ರವನ್ನು ಹೊರತಂದನು; ತೂಕ ಸುಮಾರು 46 ಕಿಲೋ. ಗೊಬ್ಬರದ ಮೂಟೆಯ ಭಾರ! ಅದನ್ನು ಹಿಡಿಯಲು ಮತ್ತೆ ಇಬ್ಬರೇ ಬೇಕು.

ಇಂಜಿನ್ ಬಂತು, ಆದರೆ ಹಲ್ಲು ಹಳೆಯದೇ ಉಳಿಯಿತು. ಕೈಗರಗಸದ ಹಲ್ಲಿನಂತೆಯೇ ಆ ಚೈನು ಮರವನ್ನು ಗೀರುತ್ತಿತ್ತು. ಬೇಗ ಮೊಂಡಾಗುತ್ತಿತ್ತು, ಅರ ಹಾಕಲು ನುರಿತ ಕೈಯೇ ಬೇಕಾಗುತ್ತಿತ್ತು. ಈ ಕಷ್ಟವನ್ನು ಬಿಡಿಸಿದ್ದು ಒಂದು ಹುಳ. 1946ರಲ್ಲಿ ಅಮೆರಿಕದ ಓರೆಗಾನ್ ಸೀಮೆಯ ಕಾಡಿನಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವನು ಒಂದು ಬೊಡ್ಡೆಯಲ್ಲಿ ಮರಕೊರಕ ದುಂಬಿಯ ಮರಿಹುಳವನ್ನು ಕಂಡನು. ಕಾಫಿ ಬೆಳೆಯುವವರಿಗೆ ಬಿಳಿ ಕಾಂಡಕೊರಕ ಗೊತ್ತಷ್ಟೆ, ಅದೇ ಕುಟುಂಬದ್ದು. ಗಾತ್ರದಲ್ಲಿ ಮಾತ್ರ ಬಹಳ ದೊಡ್ಡದು. ಆ ಹುಳ ಮರದ ನಾರಿನ ಉದ್ದಕ್ಕೂ ತಿನ್ನುತ್ತಿತ್ತು, ಅಡ್ಡಕ್ಕೂ ತಿನ್ನುತ್ತಿತ್ತು. ಹೇಗೆಂದು ಕಾಕ್ಸ್ ಕೂತು ನೋಡಿದ. ಕೊಡಲಿಯಂತೆ ನೇರ ಕಚ್ಚದೆ, ಬಾಗಿದ ದವಡೆಗಳಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೆತ್ತುತ್ತಿತ್ತು. ಅದರಂತೆಯೇ ಒಂದು ಹಲ್ಲು ಎಡಕ್ಕೆ, ಒಂದು ಹಲ್ಲು ಬಲಕ್ಕೆ ಬಾಗಿರುವ ಚೈನನ್ನು ಮಾಡಿ, 1947ರಲ್ಲಿ ಪೋರ್ಟ್‌ಲ್ಯಾಂಡ್ ಊರಿನ ತನ್ನ ಮನೆಯ ನೆಲಮಾಳಿಗೆಯಲ್ಲೇ ವ್ಯಾಪಾರ ಶುರುಮಾಡಿದನು. ಇಂದು ನಿಮ್ಮ ಗರಗಸದ ಮೇಲಿರುವ ಚೈನು ಆ ಚೈನಿನ ಸಂತತಿಯೇ.

ಇಲ್ಲಿಂದ ತಿಳಿಯಬೇಕಾದದ್ದು ಏನೆಂದರೆ, ಚೈನು ಸವೆಯಲೆಂದೇ ಇರುವ ವಸ್ತು, ನೇಗಿಲ ಗುಳದ ಹಾಗೆ. ಗುಳ ಸವೆಯಿತೆಂದು ಯಾರಾದರೂ ನೇಗಿಲನ್ನೇ ಒಲೆಗೆ ಹಾಕುತ್ತಾರೆಯೇ? ಹರಿತವಾದ ಚೈನು ಚಕ್ಕೆ ಉದುರಿಸುತ್ತದೆ, ಮೊಂಡಾದದ್ದು ಬರೀ ಹಿಟ್ಟು ಉದುರಿಸುತ್ತದೆ. ಹಿಟ್ಟು ಬಂದರೆ ಅರ ಹಾಕಿ, ಆಗದಿದ್ದರೆ ಚೈನು ಬದಲಾಯಿಸಿ. ಒಳಗಿನ ಹಲ್ಲುಚಕ್ರ ಸಾಮಾನ್ಯವಾಗಿ ಎರಡು ಚೈನಿನ ಬಾಳಿಕೆ ಬರುತ್ತದೆ. ಸವೆದ ಚಕ್ರಕ್ಕೆ ಹೊಸ ಚೈನು ಹಾಕಿದರೆ ದುಡ್ಡು ದಂಡ. "ಗರಗಸ ಮುದಿಯಾಯ್ತು, ಎಷ್ಟು ಒತ್ತಿದರೂ ಕೊಯ್ಯಲ್ಲ" ಅನ್ನುವವರ ಮನೆಯಲ್ಲಿ ಹೆಚ್ಚಾಗಿ ಮುದಿಯಾಗಿರುವುದು ಚೈನೊಂದೇ.

ಇನ್ನು ತೂಕದ ಮಾತು. 1949ರಲ್ಲಿ ಅಮೆರಿಕದ ಮೆಕಲಕ್ ಕಂಪನಿಯು 25 ಪೌಂಡಿನ, ಅಂದರೆ 11 ಕಿಲೋ ಚಿಲ್ಲರೆಯ, ಒಬ್ಬನೇ ಹಿಡಿಯಬಹುದಾದ ಗರಗಸವನ್ನು ತಂದಿತು. 1950ರಲ್ಲಿ ಸ್ಟಿಲ್ ಕಂಪನಿಯದೂ ಬಂತು. ಮೊದಲಿನ ಕಾರ್ಬೊರೇಟರಿಗೆ ಯಂತ್ರವನ್ನು ನೆಟ್ಟಗೇ ಹಿಡಿಯಬೇಕಿತ್ತು, ಓರೆ ಮಾಡಿದರೆ ಇಂಜಿನ್ ನಿಲ್ಲುತ್ತಿತ್ತು. ಒಳಗೆ ತೆಳ್ಳನೆಯ ಪೊರೆಯಿರುವ ಕಾರ್ಬೊರೇಟರ್ ಬಂದ ಮೇಲೆ ಹೇಗೆ ಬೇಕಾದರೂ ತಿರುಗಿಸಿ ಕೊಯ್ಯುವಂತಾಯಿತು. ಆ ಪೊರೆಯೇ ಈಗ ಬಹಳ ಮನೆಗಳಲ್ಲಿ ತಂಟೆ ಮಾಡುವುದು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುತ್ತದೆ. ಅದು ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ಕಾಲದ ರಬ್ಬರನ್ನು ಕೆಡಿಸುತ್ತದೆ. ಟ್ಯಾಂಕಿನಲ್ಲಿ ಎಣ್ಣೆ ಬಿಟ್ಟು ಆರು ತಿಂಗಳು ಅಟ್ಟಕ್ಕೇರಿಸಿದರೆ ಯಂತ್ರ ಏಳುವುದಾದರೂ ಹೇಗೆ? ಪೊರೆ, ಪೆಟ್ರೋಲ್ ಪೈಪು, ಪ್ಲಗ್ಗು ಇವು ಚಿಕ್ಕ ಖರ್ಚು. ಮೊದಲು ಅವನ್ನು ನೋಡಿಸಿ.

ದೊಡ್ಡ ಖರ್ಚೆಂದರೆ ಪಿಸ್ಟನ್ನು, ಸಿಲಿಂಡರು. ಇದು ಟು ಸ್ಟ್ರೋಕ್ ಇಂಜಿನ್. ಪೆಟ್ರೋಲಿನ ಜೊತೆ ಆಯಿಲ್ ಬೆರೆಸದೆ ಓಡಿಸಿದರೆ ಪಿಸ್ಟನ್ ಗೀರು ಬಿದ್ದು ಹೋಗುತ್ತದೆ. ಪ್ಲಗ್ಗಿನ ಕ್ಯಾಪು ಕಿತ್ತು, ಇಂಜಿನ್ ಹೊತ್ತಿಕೊಳ್ಳದಂತೆ ಮಾಡಿ, ಗರಗಸವನ್ನು ಹಗ್ಗದ ಹಿಡಿಯಿಂದಲೇ ಮೇಲೆತ್ತಿ ನೋಡಿ. ತಡೆದು ತಡೆದು ನಿಧಾನವಾಗಿ ಇಳಿದರೆ ಒಳಗೆ ಕಸುವಿದೆ. ದಬಕ್ಕನೆ ಇಳಿದರೆ ಇಲ್ಲ. ಸಂಶಯವಿದ್ದರೆ ಸೈಲೆನ್ಸರ್ ಬಿಚ್ಚಿಸಿ, ಆ ಕಿಂಡಿಯಿಂದ ಪಿಸ್ಟನ್ನಿನ ಮೈ ನೋಡಿ. ನುಣ್ಣಗಿದ್ದರೆ ಸರಿ, ಉದ್ದುದ್ದ ಗೀರು ಕಂಡರೆ ರಿಪೇರಿಯ ಲೆಕ್ಕ ದೊಡ್ಡದಾಗುತ್ತದೆ. ಮೆಕ್ಯಾನಿಕ್ ಬಿಚ್ಚುವಾಗ ಪಕ್ಕದಲ್ಲೇ ನಿಂತಿರಿ. ಅದರಲ್ಲಿ ದಾಕ್ಷಿಣ್ಯ ಬೇಡ.

ಇಲ್ಲಿಯವರೆಗೆ ದುಡ್ಡಿನ ಮಾತಾಯಿತು. ಇನ್ನು ಮೈಕೈಯ ಮಾತು.

ಗರಗಸ ಹಗುರಾದಂತೆ ಜನ ದಿನವಿಡೀ ಹಿಡಿಯತೊಡಗಿದರು. ವರ್ಷಗಟ್ಟಲೆ ಆ ನಡುಕ ಹತ್ತಿ, ಚಳಿದೇಶಗಳ ಕಾಡುಕೆಲಸಗಾರರ ಬೆರಳುಗಳು ರಕ್ತವಿಲ್ಲದೆ ಬಿಳಿಚಿಕೊಂಡು ಮರಗಟ್ಟಿದವು. ಅಂಗಿಯ ಗುಂಡಿ ಹಾಕಲೂ ಆಗದವರಿದ್ದರು. ಆದುದರಿಂದ 1960ರ ದಶಕದಲ್ಲಿ ಹಿಡಿಗೂ ಇಂಜಿನ್ನಿಗೂ ನಡುವೆ ರಬ್ಬರ್ ತುಂಡುಗಳನ್ನು ಕೂರಿಸಿ ನಡುಕವನ್ನು ತಡೆದರು. ನಿಮ್ಮದರಲ್ಲಿ ಆ ರಬ್ಬರ್ ಹರಿದಿದ್ದರೆ ಹೊಸದು ಹಾಕಿಸಿ, ಬೆಲೆ ಹೆಚ್ಚಿಲ್ಲ.

ಅದಕ್ಕಿಂತ ಭಯಂಕರವಾದುದು ಗರಗಸ ಎಗರುವುದು. ಬಾರಿನ ಮೂತಿಯ ಮೇಲ್ಭಾಗ ಕೊಂಬೆಗೋ ಇನ್ನೊಂದು ದಿಮ್ಮಿಗೋ ತಾಗಿದರೆ, ಓಡುವ ಚೈನು ಅಲ್ಲಿ ಕಚ್ಚಿಕೊಂಡು ಇಡೀ ಬಾರನ್ನು ಮೇಲಕ್ಕೆ, ಹಿಂದಕ್ಕೆ, ಹಿಡಿದವನ ಮುಖ ಕುತ್ತಿಗೆಯ ಕಡೆಗೆ ಎಸೆಯುತ್ತದೆ. ಕಣ್ಣು ಮಿಟುಕಿಸುವಷ್ಟೂ ಹೊತ್ತು ಸಿಗುವುದಿಲ್ಲ. ಎಷ್ಟೋ ಜೀವಗಳು ಹೋದ ಮೇಲೆ, 1970ರ ದಶಕದ ಆರಂಭದಲ್ಲಿ ಚೈನ್ ಬ್ರೇಕ್ ಬಂತು. ಮುಂದಿನ ಹಿಡಿಯ ಎದುರಿಗೆ ತಡೆಯಂತೆ ನಿಂತಿರುತ್ತದಲ್ಲ, ಅದೇ ಅದರ ಸನ್ನೆ. ಗರಗಸ ಎಗರಿದಾಗ ಕೈ ತಾಗಿ ಅದು ಮುಂದಕ್ಕೆ ಹೋದರೆ ಒಳಗಿನ ಉಕ್ಕಿನ ಪಟ್ಟಿ ಬಿಗಿದು ಚೈನು ಥಟ್ಟನೆ ನಿಲ್ಲುತ್ತದೆ.

ನನ್ನ ತೀರ್ಮಾನ ಹೀಗಿದೆ. ಬ್ರೇಕೇ ಇಲ್ಲದ ಹಳೆಯ ಕಾಲದ ಗರಗಸವಾದರೆ, ಇಂಜಿನ್ ಎಷ್ಟೇ ಚೆನ್ನಾಗಿರಲಿ, ಮೆಕ್ಯಾನಿಕ್ ಪುಕ್ಕಟೆ ಮಾಡಿಕೊಟ್ಟರೂ ಬೇಡ. ಬ್ರೇಕ್ ಇದ್ದು ಹಿಡಿಯದಿದ್ದರೆ ಪಟ್ಟಿ ಬದಲಾಯಿಸಿದರೆ ಸಾಕು. ಬ್ರೇಕ್ ಸರಿಯಿದ್ದು ಪಿಸ್ಟನ್ ನುಣ್ಣಗಿದ್ದರೆ ಕಣ್ಣುಮುಚ್ಚಿ ರಿಪೇರಿ ಮಾಡಿಸಿ. ಪಿಸ್ಟನ್ ಹೋಗಿದ್ದರೆ ಪಿಸ್ಟನ್ನು, ಸಿಲಿಂಡರು, ಕೂಲಿ, ಜೊತೆಗೆ ಸವೆದಿರುವ ಚೈನು, ಬಾರು ಎಲ್ಲವನ್ನೂ ಒಂದೇ ಚೀಟಿಯಲ್ಲಿ ಬರೆಸಿ. ಮೊತ್ತ ಹೊಸದರ ಅರ್ಧ ಬೆಲೆ ದಾಟಿದರೆ ನಾನಂತೂ ಹೊಸದರ ಕಡೆ. ವರ್ಷಕ್ಕೆ ನಾಲ್ಕೈದು ದಿನದ ಕೆಲಸವಷ್ಟೇ ಇರುವ ಮನೆಯವರು ಎರಡೂ ಬಿಟ್ಟು, ಕೊಯ್ಯುವವರನ್ನು ಬಾಡಿಗೆಗೆ ಕರೆಸುವುದೇ ಲಾಭ.

ಹೊಸದು ಕೊಳ್ಳುವಾಗ ಬೆಲೆ ಕೇಳುವ ಮೊದಲು ಇದರ ಚೈನು, ಪೊರೆ, ಪಿಸ್ಟನ್ನು ಇದೇ ಅಂಗಡಿಯಲ್ಲಿ ಸಿಗುತ್ತದೆಯೇ ಎಂದು ಕೇಳಿ, ತೆಗೆದು ತೋರಿಸಲು ಹೇಳಿ. ಬಿಡಿಭಾಗ ಸಿಗದ ಅಗ್ಗದ ಯಂತ್ರ ಮೊದಲನೆಯ ರಿಪೇರಿಗೇ ಗುಜರಿ ಸೇರುತ್ತದೆ. ಹಳೆಯ ಬಾರು, ಚೈನು ಹೊಸದಕ್ಕೆ ಹೊಂದೀತೇ ಎಂದು ತಿಳಿಯಲು ಬಾರಿನ ಬುಡದಲ್ಲಿ ಕೆತ್ತಿರುವ ಅಳತೆಗಳನ್ನು ಬರೆದುಕೊಂಡು ಹೋಗಿ ಅಂಗಡಿಯಲ್ಲಿ ತಾಳೆ ನೋಡಿ.