‘ತಜ್ಞ’ ಎಂದು ಬರೆಯಿಸಲು ಯಾರ ಒಪ್ಪಿಗೆ ಬೇಕು?

ವೈದ್ಯರ ನಾಮಫಲಕದಲ್ಲಿ ‘ಕಣ್ಣಿನ ತಜ್ಞರು’ ಎಂಬ ಮಾತನ್ನು ನೀವು ಓದಿರುತ್ತೀರಿ. ಹಾಗೆ ಬರೆಯಿಸಲು ಯಾರ ಒಪ್ಪಿಗೆ ಬೇಕು? 1900ರ ಸುಮಾರಿಗೆ ಅಮೆರಿಕದಲ್ಲಿ ಇದಕ್ಕೆ ಉತ್ತರ ಸುಲಭವಾಗಿತ್ತು: ಯಾರದೂ ಬೇಡ!

ಅಲ್ಲಿನ ರಾಜ್ಯಗಳು ವೈದ್ಯರಿಗೆ ಪರವಾನಗಿ ಕೊಡುತ್ತಿದ್ದವು, ನಿಜ. ಆದರೆ ಆ ಒಂದೇ ಪರವಾನಗಿಯ ಬಲದಿಂದ ವೈದ್ಯನೊಬ್ಬ ಹೆರಿಗೆ ಮಾಡಿಸಬಹುದಿತ್ತು, ಮುರಿದ ಮೂಳೆ ಕೂಡಿಸಬಹುದಿತ್ತು, ಕಣ್ಣಿನ ಪೊರೆಯನ್ನೂ ತೆಗೆಯಬಹುದಿತ್ತು. ಕೆಲವೇ ವಾರಗಳ ತರಬೇತಿ ಪಡೆದು ತಜ್ಞರೆಂದು ಹೇಳಿಕೊಂಡವರೂ ಇದ್ದರು. ಕೈ ತಪ್ಪಿದರೆ ಹೋಗುತ್ತಿದ್ದುದು ರೋಗಿಯ ದೃಷ್ಟಿ.

ಕಣ್ಣಿನ ವೈದ್ಯವು ಬೇರೆಯದೇ ವಿದ್ಯೆಯಾಗಿ ಬೆಳೆದದ್ದಕ್ಕೆ ಒಂದು ಪುಟ್ಟ ಉಪಕರಣವೂ ಕಾರಣ. ಅದು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಪ್ರಕಟಿಸಿದ ಆಫ್ತಾಲ್ಮೋಸ್ಕೋಪ್. ದೀಪದ ಬೆಳಕನ್ನು ಗಾಜಿನಿಂದ ಪ್ರತಿಫಲಿಸಿ ಪಾಪೆಯೊಳಗೆ ಹಾಯಿಸುವುದು, ಅದೇ ಗಾಜಿನ ಮೂಲಕ ಒಳಗೆ ನೋಡುವುದು. ಇಷ್ಟೇ ಅದರ ತತ್ತ್ವ. ನಿಮ್ಮ ಭೌತವಿಜ್ಞಾನದ ಪಾಠದಲ್ಲಿರುವ ಪ್ರತಿಫಲನವೇ! ಜೀವಂತ ಕಣ್ಣಿನ ಅಕ್ಷಿಪಟಲ ವೈದ್ಯರಿಗೆ ಕಾಣತೊಡಗಿತು. ಆದರೆ ಕಂಡದ್ದನ್ನು ಅರಿಯಲು ದೀರ್ಘ ಅಭ್ಯಾಸ ಬೇಕಿತ್ತು.

ಇನ್ನೊಂದು ಒತ್ತಡವೂ ಇತ್ತು. ದೃಷ್ಟಿ ಪರೀಕ್ಷಿಸಿ ಕನ್ನಡಕ ಕೊಡುವ ಆಪ್ಟಾಮೆಟ್ರಿಸ್ಟರು ಮಿನ್ನೆಸೋಟ ರಾಜ್ಯದಲ್ಲಿ 1901ರಲ್ಲೇ ತಮಗೆಂದು ಕಾನೂನು ಮಾಡಿಸಿಕೊಂಡರು. ಅವರಿಗೂ ತಮಗೂ ಇರುವ ವ್ಯತ್ಯಾಸವನ್ನು ಕಣ್ಣಿನ ವೈದ್ಯರು ಈಗ ತೋರಿಸಬೇಕಾಯಿತು. ರೋಗಿಯ ಹಿತದ ಜೊತೆಗೆ ವೃತ್ತಿಯ ಹಿತವೂ ಇಲ್ಲಿ ಬೆರೆತಿತ್ತೆಂಬುದನ್ನು ಮರೆಮಾಚಬೇಕಿಲ್ಲ.

ತಜ್ಞರಾಗುವವರಿಗೆ ಪರೀಕ್ಷೆ ಇರಲೆಂದು 1908ರಲ್ಲಿ ಸಿನ್ಸಿನಾಟಿಯ ಡಾ. ಡೆರಿಕ್ ವೇಲ್ ತಮ್ಮ ಅಧ್ಯಕ್ಷ ಭಾಷಣದಲ್ಲಿ ಸಲಹೆ ಮಾಡಿದರು. ಮೂರು ವೈದ್ಯ ಸಂಘಟನೆಗಳು ಕೂಡಿ ಮಂಡಳಿಯೊಂದನ್ನು ರಚಿಸುವಷ್ಟರಲ್ಲಿ 1916 ಬಂದಿತ್ತು. ಅದೇ ಡಿಸೆಂಬರಿನಲ್ಲಿ ಮೆಂಫಿಸ್ ನಗರದಲ್ಲಿ ಮೊದಲ ಪರೀಕ್ಷೆ ನಡೆಯಿತು. ಒಂದು ಅಂಶ ಗಮನಿಸಿ: ಈ ಮಂಡಳಿ ಸರ್ಕಾರದ್ದಲ್ಲ, ಪರೀಕ್ಷೆ ಕಡ್ಡಾಯವೂ ಅಲ್ಲ. ವೈದ್ಯರು ತಾವಾಗಿಯೇ ಮುಂದೆ ಬಂದು ತಮ್ಮವರಿಂದಲೇ ಪರೀಕ್ಷಿಸಿಕೊಳ್ಳಬೇಕಿತ್ತು.

ಕಿವಿ-ಮೂಗು-ಗಂಟಲಿನವರು 1924ರಲ್ಲಿ, ಪ್ರಸೂತಿಯವರು 1930ರಲ್ಲಿ, ಚರ್ಮರೋಗದವರು 1932ರಲ್ಲಿ ಇದೇ ದಾರಿ ಹಿಡಿದರು. ಎರಡನೆಯ ಮಹಾಯುದ್ಧದಲ್ಲಿ ಸೇನೆಯು ಪ್ರಮಾಣಪತ್ರ ಪಡೆದವರಿಗೆ ಮೇಲಿನ ದರ್ಜೆ ಕೊಟ್ಟಾಗ ಅದರ ಬೆಲೆ ಥಟ್ಟನೆ ಏರಿತು. ಇಂದು ಅಲ್ಲಿ ಇಂಥ 24 ಮಂಡಳಿಗಳು ಒಂದೇ ಒಕ್ಕೂಟದಲ್ಲಿವೆ.

ಒಮ್ಮೆ ಪಾಸಾದರೆ ಸಾಕೆ? 1969ರಲ್ಲಿ ಹುಟ್ಟಿದ ಕುಟುಂಬ ವೈದ್ಯರ ಮಂಡಳಿ ಸಾಲದು ಎಂದಿತು. ಪ್ರಮಾಣಪತ್ರಕ್ಕೆ ಆರಂಭದಿಂದಲೇ ಅವಧಿ ಗೊತ್ತುಮಾಡಿತು. ಇಂಟರ್ನಲ್ ಮೆಡಿಸಿನ್ ಮಂಡಳಿಯೂ 1990ರಿಂದ ಹಾಗೆಯೇ ಮಾಡಿತು. ಅದಕ್ಕೆ ಮುಂಚೆ ಪಡೆದವರ ಪತ್ರ ಮಾತ್ರ ಜೀವಮಾನಕ್ಕೆ ಉಳಿಯಿತು. ಹೀಗಾಗಿ ಒಂದೇ ಆಸ್ಪತ್ರೆಯಲ್ಲಿ ಕಿರಿಯ ವೈದ್ಯರು ಮತ್ತೆ ಪರೀಕ್ಷೆಗೆ ಓದುವಾಗ ಹಿರಿಯರಿಗೆ ಆ ಕಟ್ಟಳೆ ಇರಲಿಲ್ಲ. ಕಿರಿಯರಿಗೆ ಇದು ಹೇಗೆ ಕಂಡಿರಬೇಕೆಂದು ಪರೀಕ್ಷೆ ಬರೆಯುವ ನಿಮಗೆ ನಾನು ಹೇಳಬೇಕೆ?