ಕಳೆ ಮಿಷನ್ನು, ಗಿರಾಕಿ, ಮುಂಗಡ

ಆಲೂರು ಕಡೆಯ ಹುಡುಗನೊಬ್ಬ ಮೊನ್ನೆ ಫೋನ್ ಮಾಡಿದ್ದ. "ಕಳೆ ಹೊಡೆಯೋ ಮಿಷನ್ ತಗೊಂಡಿದೀನಿ ಅಣ್ಣ, ಗಿರಾಕಿ ಹುಡುಕೋದು ಹೆಂಗೆ?" ಅಂದ. ನಮ್ಮ ಗುಡ್ಡದಲ್ಲಿ ಈ ಹುಡುಕಾಟ ಮೊದಲು ಉಲ್ಟಾ ಇತ್ತು.

ಸಕಲೇಶಪುರ ಸೀಮೆಗೆ ಆಗ ಮಂಜರಾಬಾದ್ ಅಂತ ಹೆಸರು. 1843ರಲ್ಲಿ ಫ್ರೆಡರಿಕ್ ಗ್ರೀನ್ ಇಲ್ಲಿ ಕಾಫಿ ತೋಟ ಶುರು ಮಾಡಿದ. 1856ರಲ್ಲಿ ರಾಬರ್ಟ್ ಎಲಿಯಟ್ ಮಾಡಿದ. ಆಮೇಲೆ ಪುಸ್ತಕವನ್ನೂ ಬರೆದ. ಕಾಡು ಸವರಿ ನೆಲಕ್ಕೆ ಬಿಸಿಲು ಬಿಟ್ಟರೆ ಕಳೆ ಸುಮ್ಮನಿರುತ್ತಾ? ಮಳೆಗಾಲದಲ್ಲಿ ಈ ತುದಿ ಮುಗಿಸೋ ಹೊತ್ತಿಗೆ ಆ ತುದಿಯಲ್ಲಿ ಮತ್ತೆ ಮೊಣಕಾಲುದ್ದ. ಊರ ಆಳು ಸಾಲದು. ಅದಕ್ಕೇ ತೋಟದವರು ಮೇಸ್ತ್ರಿ ಕೈಗೆ ಮುಂಗಡ ಕೊಟ್ಟು ಘಟ್ಟದ ಕೆಳಗೆ, ತಮಿಳು ಸೀಮೆಗೆ ಕಳಿಸೋರು. ಕೆಲಸ ಇದ್ದವನೇ ಆಳನ್ನು ಹುಡುಕಿಕೊಂಡು ಹೋಗಬೇಕಿತ್ತು. ಆದರೆ ಮುಂಗಡ ಅನ್ನೋದು ಹಗ್ಗ. ದುಡ್ಡು ಇಸ್ಕೊಂಡು ಬಾರದವನನ್ನು ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಿ ಜೈಲಿಗೂ ಕಳಿಸೋಕೆ ಬ್ರಿಟಿಷ್ ಇಂಡಿಯಾದಲ್ಲಿ 1859ರ 13ನೇ ಕಾಯ್ದೆ ಇತ್ತು. ರದ್ದಾಗಿದ್ದು 1925ರಲ್ಲಿ.

1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ದೊಡ್ಡ ತೋಟದವರು ಆಳುಗಳಿಗೆ ಮನೆ ಕೊಡಲೇಬೇಕು ಅಂತ ಮಾಡಿತು. ಲೈನು ಮನೆ ಇದ್ದ ಕಡೆ ಆಳು ಉಳೀತು. ನಮ್ಮಂಥ ನಾಲ್ಕೆಕರೆಯವರಿಗೆ ಲೈನೂ ಇಲ್ಲ, ರೈಟರೂ ಇಲ್ಲ. ದೇಶದ ಕಾಫಿ ಹಿಡುವಳಿಗಳಲ್ಲಿ 10 ಹೆಕ್ಟೇರಿಗಿಂತ ಚಿಕ್ಕವೇ ನೂರಕ್ಕೆ 98ರ ಮೇಲೆ. ಮಕ್ಕಳು ಬೆಂಗಳೂರು ಸೇರಿದ ಮೇಲೆ ಈ ತೋಟಗಳಲ್ಲಿ ಕಳೆ ಹೊಡೆಯೋರು ಯಾರು? ಗಿರಾಕಿ ಇರೋದು ಅಲ್ಲೇ. ದೊಡ್ಡ ಎಸ್ಟೇಟಿನ ಗೇಟಿಗೆ ಹೋಗಿ ನಿಲ್ಲಬೇಡ ಅಂದೆ, ಅವರ ಹತ್ರ ಅವರದೇ ಮಿಷನ್ ಇರುತ್ತೆ.

ನೈಲಾನ್ ದಾರ ತಿರುಗಿಸಿ ಹುಲ್ಲು ಕತ್ತರಿಸೋ ಉಪಾಯ ಅಮೆರಿಕದ ಹ್ಯೂಸ್ಟನ್‌ನ ಜಾರ್ಜ್ ಬ್ಯಾಲಸ್‌ದು, 1971ರದ್ದು. ಕಾರು ತೊಳೆಯೋ ಕಡೆ ತಿರುಗೋ ಬ್ರಷ್ ನೋಡಿ, ಪಾಪ್‌ಕಾರ್ನ್ ಡಬ್ಬಿಗೆ ಮೀನಿನ ಗಾಳದ ದಾರ ಸಿಕ್ಕಿಸಿ ಮಾಡಿದನಂತೆ. ಆತ ಡ್ಯಾನ್ಸ್ ಕಲಿಸೋ ಶಾಲೆ ನಡೆಸ್ತಿದ್ದ! ಅವನ ಅಂಗಳದಲ್ಲಿ ಕಾಫಿ ಗಿಡ ಇರಲಿಲ್ಲ ಬಿಡಿ.

ನಾನು ಮಿಷನ್ ತಂದ ಮೊದಲ ವರ್ಷ ಪಕ್ಕದೂರಿನ ಒಬ್ಬರ ತೋಟಕ್ಕೆ ಹೋಗಿದ್ದೆ. ಎಕರೆ ಲೆಕ್ಕ, ಹಾಗಾಗಿ ಅವಸರ. ಎಳೇ ಗಿಡಗಳ ಬುಡಕ್ಕೆ ದಾರ ಬಡಿದು ಸಿಪ್ಪೆ ಸುತ್ತಲೂ ಎದ್ದೋಯ್ತು. ಬೇಸಿಗೆಗೆ ಮೂವತ್ತೋ ಎಷ್ಟೋ ಗಿಡ ಒಣಗಿದವು. ಅವರು ಬೈಲಿಲ್ಲ, ಮತ್ತೆ ಕರೀಲೂ ಇಲ್ಲ. ಸಂತೇಲಿ ಸಿಕ್ಕಿದರೆ ಮುಖ ತಿರುಗಿಸೋರು. ಆ ವರ್ಷ ಆ ಊರಿಂದ ಒಂದು ಫೋನೂ ಬರಲಿಲ್ಲ.

ಆಮೇಲಿಂದ ಮೊದಲು ಕತ್ತಿಯಲ್ಲಿ ಗಿಡದ ಬುಡ ಬಿಡಿಸಿ, ಆಮೇಲೆ ಸಾಲಿನ ನಡುವೆ ಮಾತ್ರ ಮಿಷನ್. ದಿನಕ್ಕೆ ಅರ್ಧ ಎಕರೆ ಕಮ್ಮಿ ಆಗುತ್ತೆ, ಆಗಲಿ. ಹೊಸ ಕಡೆ ಹೋದರೆ ಎರಡು ಸಾಲು ಹೊಡೆದು ತೋರಿಸ್ತೀನಿ, ಮಾಲೀಕರು ಬುಡ ಮುಟ್ಟಿ ನೋಡಿದ ಮೇಲೇ ರೇಟಿನ ಮಾತು. ಮೂರನೇ ವರ್ಷ ಅದೇ ಊರಿಂದ ಕರೆ ಬಂತು.

ಇಷ್ಟೆಲ್ಲ ಹೇಳಿದೆ. ನಿನ್ನೆ ಹುಡುಗನ ಫೋನು ಮತ್ತೆ ಬಂತು. ಎರಡೆಕರೆ ಸಿಕ್ಕಿದೆಯಂತೆ, ಬೇರೆ ಕಡೆ ಹೋಗಬಾರದು ಅಂತ ಅವರೇ ಮುಂಗಡ ಕೊಡ್ತಿದಾರಂತೆ. ಇಸ್ಕೊಳ್ಳಲಾ ಅಂದ.

ಪೆಟ್ರೋಲಿಗೆ ಆಗುವಷ್ಟು ಮಾತ್ರ ಇಸ್ಕೋ ಅಂದೆ.