ಹಲಸಿ: ತಾಮ್ರಶಾಸನಗಳಲ್ಲಿ ಒಂದು ಊರಿನ ಬದುಕು

ಖಾನಾಪುರ ತಾಲೂಕಿನಲ್ಲಿ, ನಂದಗಡದ ಆಚೆ ಇರುವ ಹಲಸಿಯನ್ನು ಚರಿತ್ರೆಯ ಪುಸ್ತಕಗಳು ಒಂದೇ ಸಾಲಿನಲ್ಲಿ ಪರಿಚಯಿಸಿ ಮುಂದೆ ಹೋಗುತ್ತವೆ: ಬನವಾಸಿ ಕದಂಬರ ಎರಡನೆಯ ರಾಜಧಾನಿ. ಮಾತು ನಿಜವೇ. ಆದರೆ ಆ ಬಿರುದಿನ ಭಾರದಲ್ಲಿ ಊರು ಕಾಣದಂತಾಗಿದೆ. ಇಲ್ಲಿ ಸಿಕ್ಕ ತಾಮ್ರಶಾಸನಗಳನ್ನು ವಿದ್ವಾಂಸರು ಬಹುಮಟ್ಟಿಗೆ ಅರಸರ ವಂಶಾವಳಿ ಕಟ್ಟುವುದಕ್ಕೆಂದೇ ಓದಿದ್ದಾರೆ. ಅವೇ ಶಾಸನಗಳನ್ನು ಹೊಲ, ಮಳೆಗಾಲ, ಹಬ್ಬ, ಮನೆತನ ಇವುಗಳಿಗಾಗಿ ಓದಿದರೆ ಸುಮಾರು 1500 ವರ್ಷ ಹಿಂದಿನ ಒಂದು ಊರಿನ ಸಮುದಾಯ ಜೀವನ ನಮ್ಮೆದುರು ಬರುತ್ತದೆ. ಆ ಓದಿನ ಪ್ರಯತ್ನ ಈ ಲೇಖನ.

ಹಲಸಿಯಿಂದ ನಂದಗಡದ ಕಡೆಗೆ ಹೋಗುವ ದಾರಿಯಲ್ಲಿ, ಊರ ಹೊರಗೆ, ಚಕ್ರತೀರ್ಥವೆಂಬ ಸಣ್ಣ ಬಾವಿಯ ಪಕ್ಕದ ಮಣ್ಣಿನ ದಿಬ್ಬದಲ್ಲಿ ಈ ಶಾಸನಗಳು ದೊರೆತವು. ಮುಂಬಯಿ ಪ್ರಾಂತದ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್ ಅವುಗಳನ್ನು ಓದಿ 1877ರ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟಿಸಿದರು. ಒಟ್ಟು ಏಳು ಶಾಸನಗಳು, ಭಾಷೆ ಸಂಸ್ಕೃತ, ಕಾಲ 5 ಮತ್ತು 6ನೆಯ ಶತಮಾನ. ಕಾಕುಸ್ಥವರ್ಮ, ಮೃಗೇಶವರ್ಮ, ರವಿವರ್ಮ, ಹರಿವರ್ಮ ಎಂಬ ನಾಲ್ವರು ಅರಸರ ಕಾಲದಲ್ಲಿ ಹುಟ್ಟಿದ ಇವೆಲ್ಲವೂ ಜೈನ ದತ್ತಿಗಳು. ಊರಿನ ಹೆಸರು ಅವುಗಳಲ್ಲಿ ಪಲಾಶಿಕಾ. ಜಾರ್ಜ್ ಮೊರೇಸ್ ಅವರ 'ಕದಂಬ ಕುಲ' (1931) ಈ ಶಾಸನಗಳನ್ನು ರಾಜಕೀಯ ಚರಿತ್ರೆಯ ಚೌಕಟ್ಟಿನಲ್ಲಿ ಕೂರಿಸಿತು. ಅಲ್ಲಿಂದ ಇಲ್ಲಿಯವರೆಗೆ ಚರ್ಚೆ ಹೆಚ್ಚಾಗಿ ಆಳ್ವಿಕೆಯ ವರ್ಷಗಳ ಸುತ್ತಲೇ ನಡೆದಿದೆ.

ನನ್ನ ದೃಷ್ಟಿಯಲ್ಲಿ ಈ ಏಳರಲ್ಲಿ ಅತ್ಯಂತ ಮುಖ್ಯವಾದದ್ದು ರವಿವರ್ಮನ ಒಂದು ಶಾಸನ. ಅದು ಅರಸನಿಗಿಂತ ಹೆಚ್ಚಾಗಿ ಒಂದು ಮನೆತನದ ಕಥೆ ಹೇಳುತ್ತದೆ. ಹಿಂದೆ ಕಾಕುಸ್ಥವರ್ಮ ಯುವರಾಜನಾಗಿದ್ದಾಗ ಸೇನಾಪತಿ ಶ್ರುತಕೀರ್ತಿಗೆ ಖೇಟ ಗ್ರಾಮದಲ್ಲಿ ಭೂಮಿ ಕೊಟ್ಟಿದ್ದ; ಅದಕ್ಕೆ ಬೇರೆಯೇ ತಾಮ್ರಪಟವಿದೆ. ಶ್ರುತಕೀರ್ತಿ ತೀರಿಕೊಂಡ ಮೇಲೆ ಮೃಗೇಶವರ್ಮ ಆ ಭೂಮಿಯನ್ನು ಅದೇ ಮನೆತನದ ದಾಮಕೀರ್ತಿಯ ತಾಯಿಗೆ ಕೊಟ್ಟ. ದಾಮಕೀರ್ತಿಯ ಹಿರಿಯ ಮಗ ಜಯಕೀರ್ತಿ ಅರಮನೆಯ ಪ್ರತೀಹಾರ, ಅಂದರೆ ದ್ವಾರಪಾಲಕ. ಅವನು ರವಿವರ್ಮನ ಅನುಗ್ರಹದಿಂದ ಪುರುಖೇಟಕವೆಂಬ ಹಳ್ಳಿಯನ್ನು ತನ್ನ ತಂದೆಯ ತಾಯಿಗಾಗಿ ದತ್ತಿ ಬಿಟ್ಟ. ತಲೆಮಾರು ತಲೆಮಾರಾಗಿ ಒಂದೇ ಮನೆ, ಒಂದೇ ಸೀಮೆಯ ನೆಲ. ನಡುವೆ ಆ ನೆಲವನ್ನು ಹಿಡಿದು ನಿಂತವಳು ಒಬ್ಬ ಹೆಣ್ಣುಮಗಳು. ಅವಳ ಹೆಸರನ್ನು ಶಾಸನ ಹೇಳುವುದಿಲ್ಲ, ಮಗನ ಹೆಸರಿನಿಂದಲೇ ಅವಳನ್ನು ಗುರುತಿಸುತ್ತದೆ. ಆದರೂ ಅರಸನೊಬ್ಬ ಒಬ್ಬ ಹೆಣ್ಣುಮಗಳ ಕೈಗೆ ಭೂಮಿ ಒಪ್ಪಿಸಿದ್ದನ್ನು ತಾಮ್ರದ ಮೇಲೆ ಬರೆಸಿ ಉಳಿಸಿದ್ದು ಸಣ್ಣ ಸಂಗತಿಯಲ್ಲ. ಕದಂಬರ ಕಾಲದ ಸಮಾಜದ ಬಗ್ಗೆ ಬರೆಯುವವರು ಇದನ್ನು ದಾಟಿ ಹೋಗಬಾರದು.

ಪುರುಖೇಟಕದ ಹುಟ್ಟುವಳಿ ಯಾವುದಕ್ಕೆ ಖರ್ಚಾಗಬೇಕು ಎಂಬ ವಿವರ ಇನ್ನೂ ಸ್ವಾರಸ್ಯದ್ದು. ಪ್ರತಿ ವರ್ಷ ಕಾರ್ತಿಕ ಹುಣ್ಣಿಮೆಗೆ ಎಂಟು ದಿನಗಳ ಜಿನೇಂದ್ರ ಉತ್ಸವ ತಪ್ಪದೆ ನಡೆಯಬೇಕು. ಮಳೆಗಾಲದ ನಾಲ್ಕು ತಿಂಗಳು ಯತಿಗಳಿಗೆ ಆಹಾರ ಸಲ್ಲಬೇಕು. ಪೂಜೆಯನ್ನು ನಾಡವರೂ ನಗರದವರೂ ಸೇರಿ ನಡೆಸಿಕೊಂಡು ಹೋಗಬೇಕು. ಈ ಪ್ರದೇಶದ ಮಳೆಯನ್ನು ಬಲ್ಲವರಿಗೆ ಎರಡನೆಯ ಕಟ್ಟಳೆಯ ಅರ್ಥ ಬೇಗ ಹೊಳೆಯುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿ ಇದೇ ತಾಲೂಕಿನದು. ಸಹ್ಯಾದ್ರಿಯ ಮಳೆ ಇಲ್ಲಿ ಹಿಡಿದರೆ ಬಿಡುವುದಿಲ್ಲ. ಜೈನ ಯತಿಗಳು ಚಾತುರ್ಮಾಸ್ಯದಲ್ಲಿ ಊರಿಂದೂರಿಗೆ ಹೋಗದೆ ಒಂದೆಡೆ ನಿಲ್ಲುತ್ತಾರೆ. ಅದೇ ತಿಂಗಳುಗಳಲ್ಲಿ ಭತ್ತದ ನಾಟಿ, ಕಳೆ ಎಂದು ರೈತನ ಮೈಮುರಿಯುವ ಕೆಲಸ. ಕಣಜದಲ್ಲಿ ಹೋದ ವರ್ಷದ ಕಾಳು ಕರಗುತ್ತಾ ಬಂದಿರುವ ಹೊತ್ತು. ಆಗ ಊಟ ಹಾಕುವುದು ಕಷ್ಟವೆಂದೇ ಒಂದು ಹಳ್ಳಿಯ ಆದಾಯವನ್ನು ಅದಕ್ಕೆ ಕಟ್ಟಿಹಾಕಿದ್ದಾರೆ. ಉತ್ಸವವನ್ನು ಮಳೆ ನಿಂತ ಮೇಲಿನ ಹುಣ್ಣಿಮೆಗೆ ಇಟ್ಟಿದ್ದಾರೆ. ಧರ್ಮದ ಪಂಚಾಂಗವೂ ಬೇಸಾಯದ ಪಂಚಾಂಗವೂ ಇಲ್ಲಿ ಒಂದಕ್ಕೊಂದು ಹೊಂದಿಕೊಂಡಿವೆ.

ರವಿವರ್ಮನ ತಮ್ಮ ಭಾನುವರ್ಮನ ಕಾಲದ ದತ್ತಿಯಲ್ಲಿ ಪಲಾಶಿಕೆಯ ಕರ್ದಮಪಟಿ ಎಂಬ ಹೊಲದ 15 ನಿವರ್ತನ (ಆ ಕಾಲದ ನೆಲದ ಅಳತೆ) ಭೂಮಿ ಹುಣ್ಣಿಮೆಗಳ ಅಭಿಷೇಕಕ್ಕೆ ಮೀಸಲಾಗಿದೆ. ಆ ಭೂಮಿಗೆ ತೆರಿಗೆಗಳ ಜೊತೆಗೆ ಉಂಛದ ಕರವನ್ನೂ ಬಿಟ್ಟುಕೊಟ್ಟಿದ್ದಾರೆ. ಕೊಯ್ಲಾದ ಮೇಲೆ ಹೊಲದಲ್ಲಿ ಉದುರಿದ ತೆನೆಯನ್ನು ಬಡವರು ಆರಿಸಿಕೊಳ್ಳುವ ಪದ್ಧತಿಯೇ ಉಂಛ; ಅದನ್ನು ನಮ್ಮ ಕಡೆ ಹಕ್ಕಲು ಆಯುವುದು ಎನ್ನುತ್ತೇವೆ. ಅದರ ಮೇಲೂ ಒಂದು ಕರವಿತ್ತು ಎಂದರೆ ಆಡಳಿತದ ಕೈ ಹೊಲದ ಕೊನೆಯ ಕಾಳಿನವರೆಗೆ ಚಾಚಿತ್ತು ಎಂದಾಯಿತು. ಕದಂಬರ ದಾನಗುಣವನ್ನು ಹೊಗಳುವಾಗ ಈ ಕರವನ್ನೂ ನೆನೆಯಬೇಕು.

ಮೃಗೇಶವರ್ಮ ತಂದೆಯ ಮೇಲಿನ ಭಕ್ತಿಯಿಂದ ಪಲಾಶಿಕೆಯಲ್ಲಿ ಜಿನಾಲಯ ಕಟ್ಟಿಸಿ 33 ನಿವರ್ತನ ಭೂಮಿ ಕೊಟ್ಟ. ಅದರ ಫಲ ಯಾಪನೀಯರು, ನಿರ್ಗ್ರಂಥರು, ಕೂರ್ಚಕರು ಎಂಬ ಮೂರು ಪಂಗಡಗಳಿಗೂ ಸಲ್ಲಬೇಕಿತ್ತು. ಆಚಾರದಲ್ಲಿ ಬೇರೆ ಬೇರೆಯಾಗಿದ್ದವರು ಒಂದೇ ಊರಿನಲ್ಲಿ, ಒಂದೇ ದತ್ತಿಯ ಆಸರೆಯಲ್ಲಿ ಬದುಕಿದ್ದರು. ಕೂರ್ಚಕರ ಹೆಸರು ಚರಿತ್ರೆಯಲ್ಲಿ ಉಳಿದಿರುವುದೇ ಮುಖ್ಯವಾಗಿ ಹಲಸಿಯ ತಾಮ್ರಪಟಗಳಿಂದ. ಹರಿವರ್ಮನೂ ಇದೇ ಬಗೆಯ ದತ್ತಿಗಳನ್ನು ಮುಂದುವರಿಸಿದ.

ಮುಂದಿನ ಕಾಲದಲ್ಲಿ ಊರು ಹಲಸಿಗೆ ಹನ್ನೆರಡು ಸಾಸಿರ ಎಂಬ ದೊಡ್ಡ ನಾಡಿಗೆ ಹೆಸರು ಕೊಟ್ಟಿತು. 12ನೆಯ ಶತಮಾನದಲ್ಲಿ ಗೋವೆಯ ಕದಂಬರು ಇಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಾರೆ. ಶಿವಚಿತ್ತ ಪೆರ್ಮಾಡಿ, ವಿಷ್ಣುಚಿತ್ತ ವಿಜಯಾದಿತ್ಯ ಎಂಬ ಅಣ್ಣತಮ್ಮಂದಿರ ಕಾಲದ ನರಸಿಂಹ ದೇವಾಲಯದ ಶಾಸನ ಕಲಿಯುಗ 4270ರದು, ಅಂದರೆ ಕ್ರಿ.ಶ. 1169. ಶಕವರ್ಷದ ಬದಲು ಕಲಿಯುಗದ ಎಣಿಕೆ ಬಳಸುವುದು ಈ ಮನೆತನದ ವಿಶೇಷ. ಇಂದು ಭೂವರಾಹ ನರಸಿಂಹ ದೇವಾಲಯವೆಂದು ಹೆಸರಾದ ಈ ಗುಡಿಯಲ್ಲಿ ಎರಡು ಗರ್ಭಗೃಹಗಳು ಎದುರುಬದುರಾಗಿವೆ: ಒಂದರಲ್ಲಿ ನರಸಿಂಹ, ಇನ್ನೊಂದರಲ್ಲಿ ಭೂದೇವಿಯನ್ನೆತ್ತಿದ ವರಾಹ. ಹಳೆಯ ಬಸದಿಯೂ, ಸುವರ್ಣೇಶ್ವರ, ಕಲ್ಮೇಶ್ವರದಂಥ ಶಿವಾಲಯಗಳೂ ಇದೇ ಊರಿನಲ್ಲಿವೆ.

ಹಲಸಿ ಹಿಂದೆ ಸರಿದದ್ದಕ್ಕೂ ಬೆಳಗಾವಿ ಮುಂದೆ ಬಂದದ್ದಕ್ಕೂ ನೇರ ಸಂಬಂಧವಿದೆ. ವೇಣುಗ್ರಾಮ, ಅಂದರೆ ಅಂದಿನ ಬೆಳಗಾವಿ, ಗೋವೆಯ ಕದಂಬರ ಕೈಯಿಂದ ಸವದತ್ತಿಯ ರಟ್ಟರ ಕೈಗೆ ಹೋಯಿತು. ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಅಲ್ಲಿ ಬಸದಿ ಕಟ್ಟಿಸಿದ. ಅದೇ ಕೋಟೆಯೊಳಗಿನ ಕಮಲ ಬಸದಿ. 1472ರಲ್ಲಿ ಬಹಮನಿ ಸೈನ್ಯ ಮುತ್ತಿಗೆ ಹಾಕುವ ಹೊತ್ತಿಗೆ ಸೀಮೆಯ ಕೋಟೆ, ಕಂದಾಯ, ವ್ಯಾಪಾರ ಎಲ್ಲದರ ನಡುಮನೆ ಬೆಳಗಾವಿಯೇ ಆಗಿತ್ತು. ಹಲಸಿ ಒಂದು ಹಳ್ಳಿಯಾಗಿ ಉಳಿಯಿತು.

ಹಳ್ಳಿಯ ಚರಿತ್ರೆ ಬರೆಯುವ ವಿದ್ಯೆಯನ್ನು ಶಾಸ್ತ್ರವಾಗಿ ಬೆಳೆಸಿದವರಲ್ಲಿ ಇಂಗ್ಲೆಂಡಿನವರು ಮುಂದಿದ್ದಾರೆ. 1086ರ 'ಡೂಮ್ಸ್‌ಡೇ ಬುಕ್' ಎಂಬ ಕಂದಾಯದ ಕಡತ ಅಲ್ಲಿನ ಸಣ್ಣ ಸಣ್ಣ ಊರಿಗೂ ಚರಿತ್ರೆಯ ಮೊದಲ ಪುಟ. ಡಬ್ಲ್ಯು. ಜಿ. ಹಾಸ್ಕಿನ್ಸ್ 1948ರಲ್ಲಿ ಲೆಸ್ಟರ್‌ನಲ್ಲಿ ಸ್ಥಳೀಯ ಚರಿತ್ರೆಯ ವಿಭಾಗವನ್ನು ಆರಂಭಿಸಿ, ಕಡತದ ಜೊತೆಗೆ ಹೊಲದ ಬದು, ಬೇಲಿ, ಕಾಲುದಾರಿಗಳನ್ನೂ ಓದಬೇಕೆಂದು ಕಲಿಸಿದರು. ಹಲಸಿಯ ಕಡತ ಡೂಮ್ಸ್‌ಡೇಗಿಂತ ಐದು ಶತಮಾನಕ್ಕೂ ಹೆಚ್ಚು ಹಳೆಯದು. ಕರ್ದಮಪಟಿ, ಖೇಟ, ಪುರುಖೇಟಕ, ಮಾತೃಸರಿತ್ ನದಿ ಎಂದು ಜಾಗಗಳ ಹೆಸರನ್ನೂ ಅದು ಕೊಟ್ಟಿದೆ. ಅವುಗಳನ್ನು ನೆಲದ ಮೇಲೆ ಹುಡುಕುವ ಕೆಲಸ ಮಾಡಬೇಕಾದವರು ನಾವು.

ಖಾನಾಪುರ ಸೀಮೆಯಲ್ಲಿ ಮನೆಗಳಲ್ಲೂ ಸಂತೆಯಲ್ಲೂ ಮರಾಠಿ, ಕನ್ನಡ ಎರಡೂ ನಡೆಯುತ್ತವೆ. ಹೊಲ, ಹಳ್ಳ, ಗುಡ್ಡಗಳ ಹೆಸರುಗಳು ಎರಡೂ ಭಾಷೆಯವರ ಬಾಯಲ್ಲಿವೆ. ಅವನ್ನು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಇತಿಹಾಸ ಮತ್ತು ಕನ್ನಡ ವಿಭಾಗಗಳು, ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆ, ಈ ಭಾಗದ ಶಾಲೆಗಳ ಶಿಕ್ಷಕರು ಒಟ್ಟಾಗಿ ಹಲಸಿ, ನಂದಗಡ ಹಾಗೂ ಸುತ್ತಲಿನ ಹಳ್ಳಿಗಳ ಹೊಲಗಳ ಹೆಸರುಗಳನ್ನು ಸರ್ವೆ ನಂಬರಿನ ಸಹಿತ ಎರಡೂ ಭಾಷೆಯಲ್ಲಿ ದಾಖಲಿಸಲಿ. ಕೆಲಸ ಚಕ್ರತೀರ್ಥದ ಬಾವಿಯ ಸುತ್ತಲಿನ ಹೊಲಗಳಿಂದಲೇ ಶುರುವಾಗಲಿ ಎಂದು ಓದುಗರನ್ನೂ ವಿದ್ವಾಂಸರನ್ನೂ ಕೇಳಿಕೊಳ್ಳುತ್ತೇನೆ.